ಯುಕೆಯೋ ಜರ್ಮನಿಯೋ: ಮಂಜೇಶ್ವರದವರ ಪ್ರಶ್ನೆಗೆ

ತಂಗಿಯ ಬಿಎಸ್ಸಿ ಮುಗಿದಿದೆ, ಮಾಸ್ಟರ್ಸ್ ಓದಲು ಏಜೆಂಟ್ ಯುಕೆಗೇ ಕಳಿಸಿ ಅಂತಾರೆ, ಜರ್ಮನಿ ಬಿಡಬೇಕಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ.

ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಕೊಡುವುದು ಅಲ್ಲಿನ ಯೂನಿವರ್ಸಿಟಿ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸೇ ಇಲ್ಲ, ಮತ್ತೆ ಕಮಿಷನ್ ಎಲ್ಲಿಂದ ಬರಬೇಕು? (ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಉಂಟು.) ಆದರೆ ವೀಸಾಕ್ಕೆ ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ಮೊದಲೇ ಇಡಬೇಕು. ಸುಮ್ನೆ ಹೋಗುವ ದುಡ್ಡಲ್ಲ, ತಿಂಗಳಿಗೆ 992ರಂತೆ ಅವಳ ಕೈಗೇ ಬರುತ್ತದೆ. ಇಲ್ಲಿನ ಡಿಗ್ರಿ, ಮಾರ್ಕ್ಸ್‌ಕಾರ್ಡ್ ಅಸಲಿ ಅಂತ ತೋರಿಸುವ ಎಪಿಎಸ್ ಸರ್ಟಿಫಿಕೇಟ್ ಬೇರೆ ಮಾಡಿಸಬೇಕು.

ಯುಕೆಯಲ್ಲಿ ಮಾಸ್ಟರ್ಸ್ ಹೆಚ್ಚಾಗಿ ಒಂದೇ ವರ್ಷ, ಇಂಗ್ಲಿಷ್ ಸಾಕು. ಫೀಸ್ ಮಾತ್ರ ಜಾಸ್ತಿ. ಓದಿದ ಮೇಲೆ ಉಳಿಯುವ ವೀಸಾ ಕೂಡ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ಜರ್ಮನಿಯಲ್ಲೂ ಕೆಲಸ ಹುಡುಕಲು ಕೊಡುವುದು 18 ತಿಂಗಳೇ.

ನಮ್ಮ ಕಾಸರಗೋಡಿನವರು ಮೊದಲು ಕೇಳುವುದು, ಅಲ್ಲಿ ನಮ್ಮವರು ಯಾರಿದ್ದಾರೆ ಅಂತ. ಗಲ್ಫಿಗೆ ಅದು ಸರಿ. ಓದಿಗೆ ಹೋಗುವಾಗ ಚಿಕ್ಕಪ್ಪನ ಮನೆಗಿಂತ ಕೋರ್ಸ್ ಮುಖ್ಯ ಅಲ್ವಾ? ತುಳು, ಮಲಯಾಳ, ಕನ್ನಡ ಬರುವ ಹುಡುಗಿಗೆ ಜರ್ಮನ್ ಕಲಿಯುವುದು ದೊಡ್ಡದಲ್ಲ. ಏಜೆಂಟರಿಗೆ ಅಡ್ವಾನ್ಸ್ ಕೊಡುವ ಮೊದಲು ಅವಳನ್ನು ಜರ್ಮನ್ ಭಾಷೆಯ ಮೊದಲ ಹಂತದ, ಅಂದರೆ ಎ1, ಕ್ಲಾಸಿಗೆ ಸೇರಿಸಿ ನೋಡಿ.