ಸಿಲ್ವರ್ ಅರೋವಾನಾ ಮೀನಿನ ಮರಿಗೆ ಮೂರಡಿ ಟ್ಯಾಂಕ್ ಸಾಕಾ? ದೊಡ್ಡದಾದ ಮೇಲೆ ಬೇರೆ ಟ್ಯಾಂಕ್ ಮಾಡಿಸಿದರೆ ಆಗಲ್ವಾ?

ಆಗಲ್ಲ. ‘ಆಮೇಲೆ ಮಾಡಿಸ್ತೀನಿ’ ಅನ್ನುವ ಟ್ಯಾಂಕ್ ಯಾರ ಮನೆಗೂ ಬರುವುದಿಲ್ಲ. ನಮ್ಮ ಮನೆಗಂತೂ ಬರಲಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ಮನೆ ಕಟ್ಟಿಸುವಾಗ ಟಿವಿಗೆ ಅಂತ ಹಾಲ್ ಗೋಡೆಯಲ್ಲಿ ಒಂದು ಗೂಡು ಬಿಡಿಸಿದ್ದೆವು. ಐದಡಿ ಉದ್ದ, ಒಳಕ್ಕೆ ಒಂದೂವರೆ ಅಡಿ. ಅಷ್ಟರಲ್ಲಿ ಟಿವಿ ಗೋಡೆಗೆ ನೇತುಹಾಕುವ ಕಾಲ ಬಂತು, ಗೂಡು ಖಾಲಿ ಉಳಿಯಿತು. ಅರೋವಾನಾ ಸಾಕಿದರೆ ಮನೆಯಲ್ಲಿ ದುಡ್ಡು ನಿಲ್ಲುತ್ತೆ ಅಂತ ನಮ್ಮ ಮಾವನವರಿಗೆ ಯಾರೋ ವಾಸ್ತುವಿನವರು ಹೇಳಿದ್ದರು. ನನಗೆ ವಾಸ್ತು ಬೇಕಿರಲಿಲ್ಲ, ಮೀನು ಬೇಕಿತ್ತು. ಇಬ್ಬರೂ ಒಟ್ಟಿಗೇ ಅಂಗಡಿಗೆ ಹೋದೆವು.

ಸಿಕ್ಕಿದ್ದು ನೀವು ತರಬೇಕೆಂದಿರುವುದರ ಹಾಗೆಯೇ ಬೆರಳುದ್ದದ ಮರಿ. ಅಂಗಡಿಯವರು ಹೇಳಿದ್ದನ್ನು ನಿಮಗೂ ಹೇಳಿರುತ್ತಾರೆ: ‘ಟ್ಯಾಂಕ್ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯುತ್ತೆ ಸಾರ್.’ ಇದನ್ನು ನಂಬಬೇಡಿ. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುತ್ತೆ, ಬೆನ್ನು ಡೊಂಕಾಗುತ್ತೆ. ಅದನ್ನು ಹೊಂದಿಕೊಳ್ಳುವುದು ಅನ್ನಲಾಗದು. ಅಮೆಜಾನ್ ಕಡೆಯ ಈ ಮೀನು ನದಿಯಲ್ಲಿ ಮೂರಡಿ ಹತ್ತಿರ ಬೆಳೆಯುತ್ತದೆ, ಮನೆಯಲ್ಲೂ ಎರಡಡಿ ದಾಟುತ್ತದೆ. ಚೆನ್ನಾಗಿ ತಿಂದರೆ ಮೊದಲ ವರ್ಷವೇ ಅಡಿಗಿಂತ ಜಾಸ್ತಿ.

ಈಗ ನನ್ನ ಎಡವಟ್ಟಿಗೆ ಬರ್ತೀನಿ, ಸ್ವಲ್ಪ ಉದ್ದವಾದರೂ ಓದಿ. ಮೀನಿಗೆ ಟ್ಯಾಂಕ್ ಮಾಡಿಸುವ ಬದಲು ನಾನು ಗೂಡಿಗೆ ಟ್ಯಾಂಕ್ ಮಾಡಿಸಿದೆ. ಉದ್ದ ಐದಡಿ ಇದೆಯಲ್ಲ, ಧಾರಾಳವಾಯಿತು ಅಂದುಕೊಂಡೆ. ಅಗಲದ ಕಡೆ ತಲೆಯೇ ಹೋಗಲಿಲ್ಲ. ಅಗಲ ಅಂದರೆ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಇರುವ ಜಾಗ. ಸೋಫಾದಲ್ಲಿ ಕೂತು ನೋಡುವವರಿಗೆ ಉದ್ದ, ಎತ್ತರ ಮಾತ್ರ ಕಾಣುತ್ತೆ. ಆದರೆ ಅರೋವಾನಾ ದಿನವಿಡೀ ನೀರಿನ ಮೇಲ್ಭಾಗದಲ್ಲಿ ಆ ಮೂಲೆಗೆ ಹೋಗಿ ತಿರುಗುತ್ತೆ, ಈ ಮೂಲೆಗೆ ಬಂದು ತಿರುಗುತ್ತೆ. ಒಂದೂವರೆ ಅಡಿಯಲ್ಲಿ ಎರಡು ಕಡೆಯ ಗಾಜಿನ ದಪ್ಪ ಕಳೆಯಿರಿ. ಹಿಂದೆ ನಿಂತಿರುವ ಫಿಲ್ಟರ್ ಪೈಪು, ಹೀಟರ್ ಕಳೆಯಿರಿ. ಉಳಿಯುವುದು ಒಂದೂಕಾಲು ಅಡಿ. ಅಷ್ಟರಲ್ಲಿ ಎರಡಡಿ ಮೀನು ಪ್ರತಿ ಸಲ ಮೈಯನ್ನು ಪೂರ್ತಿ ಮಡಚಬೇಕು. ಮಂಡಿ ಮೊಹಲ್ಲಾದ ಸಂದಿಯಲ್ಲಿ ಸಿಟಿ ಬಸ್ ತಿರುಗಿಸಿದ ಹಾಗೆ, ಅಲ್ಲಿ ರಸ್ತೆಯ ಉದ್ದ ಕಟ್ಟಿಕೊಂಡು ಏನು ಮಾಡ್ತೀರಿ?

ಮೊದಲು ಗಲ್ಲದ ಮೀಸೆ ಗಾಜಿಗೆ ಉಜ್ಜಿ ಮುರಿಯಿತು. ಆಮೇಲೆ ಪಕ್ಕೆಯ ಪೊರೆ ಉದುರತೊಡಗಿತು. ಕೊನೆಗೆ ತಿರುಗುವುದನ್ನೇ ಬಿಟ್ಟು ಹಿಂದಕ್ಕೆ ಸರಿಯಲು ನೋಡುತ್ತಿತ್ತು. ಗೂಡು ಒಡೆದು ಅಗಲ ಮಾಡೋಣವೆಂದರೆ ಪಕ್ಕದಲ್ಲೇ ಪಿಲ್ಲರ್. ಹಾಲ್ ಮಧ್ಯೆ ಇನ್ನೊಂದು ಟ್ಯಾಂಕ್ ಇಡಲು ಮನೆಯವರು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ ಬಿಡಿ.

ಪಾಂಡವಪುರದ ಹತ್ತಿರ ನನ್ನ ಹೆಂಡತಿಯ ಅಣ್ಣನ ತೋಟವಿದೆ. ಅಲ್ಲಿ ಶೆಡ್ಡಿನೊಳಗೆ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿದೆವು. ಹೊಸ ಸಿಮೆಂಟ್ ಸುಣ್ಣ ಬಿಡುತ್ತೆ, ನೀರಿನ ಕ್ಷಾರ ಗುಣ, ಅಂದರೆ ಪಿಎಚ್, ಏರಿಬಿಡುತ್ತೆ. ಹಾಗಾಗಿ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ, ಪಿಎಚ್ ಇಳಿದ ಮೇಲೆಯೇ ಮೀನು ಬಿಟ್ಟೆವು. ಚಳಿಗಾಲಕ್ಕೆ ಹೀಟರ್ ಬೇಕೇ ಬೇಕು, ಇದಕ್ಕೆ 24ರಿಂದ 30 ಡಿಗ್ರಿ ನೀರಿದ್ದರೆ ಒಳ್ಳೆಯದು. ನೀರು ಹೊರಹೋಗುವ ಪೈಪಿಗೆ ಜಾಲರಿ ಕಟ್ಟಿದ್ದೇವೆ, ಪಕ್ಕದಲ್ಲೇ ನಾಲೆ ಇದೆ. ಮಾವನವರು ಮಾತ್ರ ಮೀನು ನಮ್ಮ ಮನೆಯ ಕಂಟಕ ತೆಗೆದುಕೊಂಡು ಹೋಯಿತು ಅಂತ ಖುಷಿಯಾಗಿದ್ದಾರೆ.

ನಿಮ್ಮದು ಮೊದಲ ಮಹಡಿ, ಬಾಡಿಗೆ ಮನೆ ಅಂತ ಬರೆದಿದ್ದೀರಿ. ಅರೋವಾನಾಗೆ ನಾನು ಈಗ ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರಕ್ಕಿಂತ ಕಡಿಮೆ ಹೇಳುವುದಿಲ್ಲ. ಅದು 30 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ಹಿಡಿದರೆ ಸುಮಾರು 850 ಲೀಟರ್. ಅಂದರೆ ನೀರೇ 850 ಕಿಲೋ, ಗಾಜು, ಸ್ಟ್ಯಾಂಡ್ ಸೇರಿದರೆ ಟನ್ ದಾಟುತ್ತೆ. ಇಂಜಿನಿಯರ್‌ಗೆ ತೋರಿಸದೆ ಇಡಬೇಡಿ. ಮನೆ ಖಾಲಿ ಮಾಡುವಾಗ ಇದನ್ನು ಹೊರುವವರು ಯಾರು ಅಂತಲೂ ಯೋಚಿಸಿ. ಮುಚ್ಚಳದ ಮೇಲೆ ಭಾರ ಬೇಕು. ನದಿಯಲ್ಲಿ ಇದು ಕೊಂಬೆ ಮೇಲಿನ ಹುಳಕ್ಕೆ ಮೀಟರ್‌ಗಿಂತ ಮೇಲೆ ಜಿಗಿಯುವ ಮೀನು.

ನನ್ನ ಕೇಳಿದರೆ ತರಬೇಡಿ. ಅಂಗಡಿಯಲ್ಲಿ ಪಕ್ಕದಲ್ಲೇ ಅಲಿಗೇಟರ್ ಗಾರ್, ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿಗಳೂ ಮುದ್ದುಮುದ್ದಾಗಿರುತ್ತವೆ, ಅವನ್ನಂತೂ ಮುಟ್ಟಲೇಬೇಡಿ. ಗಾರ್ ಆರಡಿ ದಾಟುವ ಮೀನು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೇ ಒಂದು ಸಿಕ್ಕಿತು. ಸಾಕಲಾಗದ ಮೀನನ್ನು ಕುಕ್ಕರಹಳ್ಳಿ ಕೆರೆಗೆ ಬಿಟ್ಟು ಪುಣ್ಯ ಬಂತು ಅನ್ನುವವರು ನಮ್ಮಲ್ಲೂ ಇದ್ದಾರೆ. ಸುಮ್ನೆ ಕೆರೆಯ ಮೀನುಗಳಿಗೆ ಕೇಡು.

ಬೇಟೆ ಮೀನೇ ಬೇಕೆಂದರೆ ಒಂದೇ ಒಂದು ಆಸ್ಕರ್ ತನ್ನಿ. ಒಂದಡಿ ಆಸುಪಾಸು ಬೆಳೆಯುತ್ತೆ. ನಿಮ್ಮ ಮೂರಡಿ ಬೇಡ, ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಮಾಡಿಸಿ. ಸುಮಾರು 250 ಲೀಟರ್ ಆಗುತ್ತೆ. ಫಿಲ್ಟರ್ ಯಾವುದು ಅಂತ ಕೇಳಿದ್ದೀರಿ: ಕೆಳಗೆ ಇನ್ನೊಂದು ಗಾಜಿನ ತೊಟ್ಟಿ ಇಟ್ಟು ಮಾಡುವ ಸಂಪ್ ಫಿಲ್ಟರ್. ಮೀನಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲಿ ಅಂತ ಮೀನಿಲ್ಲದೆ ನಾಲ್ಕರಿಂದ ಆರು ವಾರ ಅಮೋನಿಯಾ ಹಾಕುತ್ತಾ ಓಡಿಸಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೀನು ಬಿಡಿ. ನಲ್ಲಿ ನೀರಿನ ಕ್ಲೋರಿನ್ ತೆಗೆದು ಹಾಕಿ. ತಿನ್ನಲು ಪೆಲೆಟ್, ಆಗಾಗ ಸಿಪ್ಪೆ ಸುಲಿದ ಸೀಗಡಿ. ಜೀವಂತ ಗೋಲ್ಡ್‌ಫಿಶ್ ಬೇಡ. ರೋಗ ತರುತ್ತೆ, ಅದರಲ್ಲಿರುವ ಥಯಾಮಿನೇಸ್ ಅನ್ನುವ ಕಿಣ್ವ ಬಿ1 ವಿಟಮಿನ್ ನಾಶ ಮಾಡುತ್ತೆ. ಹೀಟರ್‌ಗೆ ಗಾರ್ಡ್ ಹಾಕಿಸಿ, ಆಸ್ಕರ್ ಗಿಡ, ಕಲ್ಲು, ಹೀಟರ್ ಯಾವುದನ್ನೂ ಇಟ್ಟ ಜಾಗದಲ್ಲಿ ಇರಲು ಬಿಡುವುದಿಲ್ಲ.