ಗುಳ್ಳೆಯೇಳುವ ಸೋಡಾ ನೀರಿಗೆ ಸೆಲ್ಟ್ಜರ್ ಅನ್ನೋ ಹೆಸರು ಎಲ್ಲಿಂದ ಬಂತು? ನಿಜವಾಗಿ ಅದೊಂದು ಹಳ್ಳಿಯ ಹೆಸರಾ?

ಹೌದು, ಹಳ್ಳಿಯದೇ. ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ, ಟೌನಸ್ ಬೆಟ್ಟಗಳ ಬಳಿ ನೀಡರ್‌ಸೆಲ್ಟರ್ಸ್ ಎಂಬ ಊರಿದೆ. ಸುತ್ತಮುತ್ತ ಹೊಲ ಉಳುವ ಜನ. ಅಲ್ಲಿನ ಒಂದು ಚಿಲುಮೆಯ ನೀರಿನಲ್ಲಿ ಸ್ವಲ್ಪ ಉಪ್ಪು, ಸೋಡಾ ಅಂಶ ಇರುತ್ತದೆ. ಜೊತೆಗೆ ನೆಲದಾಳದಿಂದ ಬರುವ ಕಾರ್ಬನ್ ಡೈಆಕ್ಸೈಡ್. ಹಾಗಾಗಿ ಯಾರೂ ಏನೂ ಬೆರೆಸದಿದ್ದರೂ ನೀರು ಗುಳ್ಳೆಯೇಳುತ್ತದೆ.

ನನಗೆ ಬಹಳ ಇಷ್ಟವಾಗುವುದು ಇದರ ಮಾರಾಟದ ಕಥೆ. 18ನೇ ಶತಮಾನದಲ್ಲಿ ಈ ನೀರು ಮಣ್ಣಿನ ಹೂಜಿಗಳಲ್ಲಿ ದೂರದ ದೇಶಗಳಿಗೆ ಹೋಗುತ್ತಿತ್ತು. ಹೂಜಿ ಸುಡುವವರು ಹತ್ತಿರದ ವೆಸ್ಟರ್‌ವಾಲ್ಡ್ ಕುಂಬಾರರು. ಆ ಸೀಮೆಗೆ ಇವತ್ತಿಗೂ 'ಹೂಜಿ ಸುಡುವವರ ನಾಡು' ಎಂದೇ ಹೆಸರು. ನೀರು ತುಂಬಬೇಕು, ಬಿರಡೆ ಹಾಕಬೇಕು, ಅನಿಲ ಹೋಗದಂತೆ ಮುಚ್ಚಬೇಕು, ಗಾಡಿಗೆ ಹೇರಬೇಕು. ಬರೀ ಬೇಸಾಯ ನಂಬಿದ್ದ ಊರಿಗೆ ಇದು ಎಷ್ಟು ದೊಡ್ಡ ಆಸರೆ, ಅಲ್ವಾ? ಆದರೆ ಚಿಲುಮೆಯ ಒಡೆತನ ಊರಿನವರದಲ್ಲ. ಮೊದಲು ಆ ಸೀಮೆ ಆಳುತ್ತಿದ್ದ ಟ್ರಿಯರ್‌ನ ಆರ್ಚ್‌ಬಿಷಪ್‌ರದು, ಆಮೇಲೆ ನಸ್ಸೌ ದೊರೆಗಳದು, 1866ರ ನಂತರ ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಷ್ಯಾದ್ದು. ಜಾಸ್ತಿ ಲಾಭ ಹೋಗಿದ್ದೂ ಅವರಿಗೇ.

1770ರ ದಶಕದಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಟೋರ್ಬರ್ನ್ ಬರ್ಗ್‌ಮನ್ ಇಂಥ ನೀರನ್ನು ಪರೀಕ್ಷಿಸಿ, ಕೃತಕವಾಗಿ ಮಾಡುವ ದಾರಿ ತೋರಿಸಿದ. ಆಮೇಲೆ ಕಾರ್ಖಾನೆಗಳು ಬಂದವು. ಗುಳ್ಳೆ ನೀರು ಎಲ್ಲಿ ಬೇಕಾದರೂ ತಯಾರಾಯಿತು, ಹೆಸರು ಮಾತ್ರ ಆ ಹಳ್ಳಿಯದೇ ಉಳಿಯಿತು.