ಹುಡುಕಾಟ ಬೇಡ, ಕೀಲಿ ಸಾಕು

ಪ್ರಶ್ನೆ: ಲೆಕ್ಕದ ಎಕ್ಸೆಲ್ ಫೈಲನ್ನು ದಿನಕ್ಕೆ ಹತ್ತಾರು ಸಲ ತೆರೆಯಬೇಕು. ಪ್ರತಿ ಸಲವೂ ಫೋಲ್ಡರ್ ಮೇಲೆ ಫೋಲ್ಡರ್ ಹುಡುಕಿ ಸಾಕಾಗಿದೆ. ವಿಂಡೋಸ್‌ನಲ್ಲಿ ಕೀಬೋರ್ಡಿನಿಂದಲೇ ತೆರೆಯಬಹುದೇ?

ಉತ್ತರ: ಧಾರಾಳವಾಗಿ. ಫೈಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, 'ಸೆಂಡ್ ಟು' ಮೂಲಕ ಡೆಸ್ಕ್‌ಟಾಪ್‌ಗೆ ಶಾರ್ಟ್‌ಕಟ್ ಕಳಿಸಿ. (ವಿಂಡೋಸ್ 11ರಲ್ಲಿ ಇದು 'ಶೋ ಮೋರ್ ಆಪ್ಷನ್ಸ್' ಒಳಗೆ ಅಡಗಿ ಕೂತಿದೆ. ಯಾಕೆ ಬಚ್ಚಿಟ್ಟರೋ!) ಆ ಶಾರ್ಟ್‌ಕಟ್‌ನ 'ಪ್ರಾಪರ್ಟೀಸ್' ತೆರೆದರೆ 'ಶಾರ್ಟ್‌ಕಟ್ ಕೀ' ಎಂಬ ಚೌಕದಲ್ಲಿ 'ನನ್' ಎಂದಿರುತ್ತದೆ. ಅಲ್ಲಿ ಕ್ಲಿಕ್ ಮಾಡಿ ಎಲ್ ಅಕ್ಷರ ಒತ್ತಿ, ಅಷ್ಟೇ. ಕಂಟ್ರೋಲ್, ಆಲ್ಟ್ ಎರಡೂ ತಾವಾಗಿಯೇ ಸೇರಿಕೊಳ್ಳುತ್ತವೆ. ಓಕೆ ಕೊಡಿ. ಇನ್ನು ಮೂರನ್ನೂ ಒಟ್ಟಿಗೆ ಒತ್ತಿದರೆ ಲೆಕ್ಕ ಕಣ್ಣೆದುರು.

ಆದರೆ ಶಾರ್ಟ್‌ಕಟ್ ಡೆಸ್ಕ್‌ಟಾಪ್‌ನಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಇರಲೇಬೇಕು. ನಾನೊಮ್ಮೆ ಡೆಸ್ಕ್‌ಟಾಪ್ ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಡಿ ಡ್ರೈವ್‌ನ ಫೋಲ್ಡರಿಗೆ ತುಂಬಿದೆ. ಮರುದಿನ ಒಂದು ಕೀಲಿಯೂ ಕೆಲಸ ಮಾಡಲಿಲ್ಲ. ಕೀಬೋರ್ಡ್ ಕೆಟ್ಟಿತೆಂದು ಬ್ರಷ್ ಹಿಡಿದು ಅರ್ಧ ದಿನ ಧೂಳು ತೆಗೆದಿದ್ದೇ ಬಂತು.

ಇಷ್ಟೂ ಬೇಡವೆಂದರೆ ಎಕ್ಸೆಲ್ ಅನ್ನು ಟಾಸ್ಕ್‌ಬಾರ್‌ಗೆ ಪಿನ್ ಮಾಡಿ. ಮೊದಲ ಸ್ಥಾನದಲ್ಲಿದ್ದರೆ ವಿಂಡೋಸ್ ಕೀ ಜೊತೆ 1, ಎರಡನೆಯದಾದರೆ 2. ಫೈಲನ್ನು ಮಾತ್ರ ನೀವೇ ಆರಿಸಿಕೊಳ್ಳಬೇಕು.